ಚಂದ್ರ ಡಿಕ್ಕಿ ಹೊಡೆದರೆ ಏನಾಗುತ್ತೆ? ಪೂರ್ತಿ ಉತ್ತರ ಕೊಡಿ

ಮಾನ್ಯ ಸಂಪಾದಕರೇ,

ಹುಣ್ಣಿಮೆ ಚಂದ್ರ ಸ್ವಲ್ಪ ದೊಡ್ಡದಾಗಿ ಕಂಡರೆ ಸಾಕು, "ಚಂದ್ರ ಹತ್ತಿರ ಬರ್ತಿದ್ದಾನೆ, ಭೂಮಿಗೆ ಡಿಕ್ಕಿ ಗ್ಯಾರಂಟಿ" ಅನ್ನೋ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡಲು ಶುರುವಾಗುತ್ತವೆ. ನೋಡಿದ ಮಕ್ಕಳು ಹೆದರುತ್ತಾರೆ. ದೊಡ್ಡವರಲ್ಲೂ ಎಷ್ಟೋ ಜನ ಒಳಗೊಳಗೇ ಹೆದರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಇದಕ್ಕೆ ಪತ್ರಿಕೆಗಳಲ್ಲಿ ಬರುವ ಉತ್ತರ ಹೆಚ್ಚಾಗಿ ಒಂದೇ ಸಾಲಿನದು: ಹಾಗೇನೂ ಆಗಲ್ಲ, ಭಯ ಬೇಡ. ಮಾತು ನಿಜವೇ. ಆದರೆ ಅಷ್ಟು ಹೇಳಿ ಮುಗಿಸಿದರೆ ಕೇಳಿದವರಿಗೆ ಸಮಾಧಾನ ಆಗುವುದಿಲ್ಲ. ಚಂದ್ರ ಬಂದು ಗುದ್ದಿದರೆ ಏನಾಗುತ್ತೆ ಅನ್ನೋದು ಒಳ್ಳೆಯ ಪ್ರಶ್ನೆ, ಅದಕ್ಕೆ ವಿಜ್ಞಾನದಲ್ಲಿ ಒಳ್ಳೆಯ ಉತ್ತರವೂ ಇದೆ. ಅದನ್ನು ಬಿಡಿಸಿ ಹೇಳಿ ಅಂತ ಕೇಳಿಕೊಳ್ಳಲು ಈ ಪತ್ರ.

ಮೊದಲು ಜನರಿಗೆ ಗೊತ್ತಾಗಬೇಕಾದದ್ದು, ಚಂದ್ರ ಈಗಲೂ ಬೀಳುತ್ತಲೇ ಇದ್ದಾನೆ ಅನ್ನೋದು. ಭೂಮಿ ಅವನನ್ನು ಎಳೆಯುತ್ತಿದೆ, ಅವನು ಪ್ರತಿ ಸೆಕೆಂಡಿಗೆ ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಭೂಮಿಯ ಕಡೆಗೆ ಬೀಳುತ್ತಾನೆ. ಆದರೆ ಅದೇ ಸೆಕೆಂಡಿನಲ್ಲಿ ಅಡ್ಡಕ್ಕೆ ಸುಮಾರು 1 ಕಿಲೋಮೀಟರ್ ಓಡಿರುತ್ತಾನೆ. ಬೀಳುವುದು ಮತ್ತು ಓಡುವುದು ಎರಡೂ ಸೇರಿಯೇ ಆ ಸುತ್ತು. ಅವನನ್ನು ಕೆಳಗೆ ತರಬೇಕಾದರೆ ಆ ಓಟ ನಿಲ್ಲಿಸಬೇಕು. ಇಡೀ ಜಗತ್ತು ಈಗ ಒಂದು ವರ್ಷಕ್ಕೆ ಬಳಸುವ ಶಕ್ತಿಯನ್ನು ಕೋಟ್ಯಂತರ ವರ್ಷ ಕೂಡಿಟ್ಟರೆ ಮಾತ್ರ ಅಷ್ಟು ಶಕ್ತಿ ಸಿಗಬಹುದು. ಯಾವುದೋ ಒಂದು ಕ್ಷುದ್ರಗ್ರಹ ತಗುಲಿ ಚಂದ್ರ ಜಾರಿಬಿಡ್ತಾನೆ ಅನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅವನ ಮೈಮೇಲಿರುವ ಅಷ್ಟೊಂದು ಗುಂಡಿಗಳು ಅಂಥ ಹೊಡೆತಗಳದ್ದೇ. ಅಷ್ಟು ಪೆಟ್ಟು ತಿಂದೂ ಅವನು ಭೂಮಿಯನ್ನು ಸುತ್ತುತ್ತಲೇ ಇದ್ದಾನೆ ಅಲ್ವಾ?

ಸರಿ, ಹೇಗೋ ನಿಂತೇಬಿಟ್ಟ ಅಂದುಕೊಳ್ಳೋಣ. ಆಗ ನೇರ ಬೀಳಲು ಶುರು ಮಾಡುತ್ತಾನೆ. ಭೂಮಿ ತಲುಪಲು ಬೇಕಾಗುವುದು ಐದು ದಿನಕ್ಕಿಂತ ಸ್ವಲ್ಪ ಕಡಿಮೆ. ಮೊದಲ ದಿನ ಹೆಚ್ಚೇನೂ ಗೊತ್ತಾಗುವುದಿಲ್ಲ, ಯಾಕೆಂದರೆ ಬೀಳುವ ವೇಗ ಆರಂಭದಲ್ಲಿ ತೀರಾ ಕಡಿಮೆ. ಕೊನೆಯ ದಿನ ಮಾತ್ರ ಎಲ್ಲವೂ ಒಟ್ಟಿಗೆ ಆಗುತ್ತದೆ. ಗುದ್ದುವ ಹೊತ್ತಿಗೆ ವೇಗ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಕಲ್ಲು ಹೆಚ್ಚುಕಡಿಮೆ 10 ಕಿಲೋಮೀಟರ್ ಅಗಲದ್ದು. ಚಂದ್ರನ ಅಗಲ 3,474 ಕಿಲೋಮೀಟರ್. ತೂಕದಲ್ಲಿ ಹೋಲಿಸಿದರೆ ಕೋಟಿಗಟ್ಟಲೆ ಪಟ್ಟು ಜಾಸ್ತಿ. ಸಮುದ್ರ ಕುದಿದು ಹೋಗುತ್ತದೆ, ನೆಲ ಕರಗುತ್ತದೆ, ಗಾಳಿಯ ಜಾಗದಲ್ಲಿ ಬಂಡೆಯ ಆವಿ ತುಂಬಿಕೊಳ್ಳುತ್ತದೆ. ಆದರೂ ವಿಡಿಯೊಗಳಲ್ಲಿ ತೋರಿಸುವ ಹಾಗೆ ಭೂಮಿ ಚೂರುಚೂರಾಗುವುದಿಲ್ಲ. ಭೂಮಿಯನ್ನು ಒಟ್ಟಿಗೆ ಹಿಡಿದಿರುವ ಅದರದೇ ಗುರುತ್ವದ ಮುಂದೆ ಈ ಹೊಡೆತವೂ ಸಣ್ಣದು. ಕರಗಿದ ಕೆಂಪು ಉಂಡೆಯಾಗಿ ಭೂಮಿ ಉಳಿಯುತ್ತದೆ, ಅದರ ಮೇಲೆ ಜೀವ ಅನ್ನೋದು ಮಾತ್ರ ಉಳಿಯುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಇನ್ನೊಂದು ದಾರಿ: ಚಂದ್ರ ಒಮ್ಮೆಗೇ ಬೀಳದೆ, ಸುತ್ತುತ್ತಾ ಸುತ್ತುತ್ತಾ ನಿಧಾನವಾಗಿ ಒಳಕ್ಕೆ ಬಂದರೆ? ಆಗ ನಮ್ಮನ್ನು ಮುಗಿಸುವುದು ಡಿಕ್ಕಿ ಅಲ್ಲ, ಉಬ್ಬರ. ಚಂದ್ರನ ದೂರ ಅರ್ಧವಾದರೆ ಉಬ್ಬರದ ಎಳೆತ ಎಂಟು ಪಟ್ಟಾಗುತ್ತದೆ. ಕಾಲು ಭಾಗವಾದರೆ 64 ಪಟ್ಟು. ಹತ್ತನೇ ಒಂದು ಭಾಗಕ್ಕೆ ಬಂದರೆ 1,000 ಪಟ್ಟು. ಇವತ್ತು ದಡದಲ್ಲಿ ಆಳೆತ್ತರ ಏರಿ ಇಳಿಯುವ ನೀರು ಆಗ ಮತ್ತೆ ಮತ್ತೆ ಒಳನಾಡಿನ ತನಕ ನುಗ್ಗಿ ಹಿಂದೆ ಸರಿಯುತ್ತದೆ, ಬಂದರು ನಗರಗಳ ಹೆಸರೂ ಉಳಿಯುವುದಿಲ್ಲ. ನೀರಷ್ಟೇ ಅಲ್ಲ, ನೆಲವೂ ಉಬ್ಬುತ್ತದೆ. ನಮ್ಮ ಕಾಲ ಕೆಳಗಿನ ಗಟ್ಟಿ ನೆಲ ಈಗಲೂ ಚಂದ್ರ ಸೂರ್ಯರ ಎಳೆತಕ್ಕೆ ದಿನವೂ ಸುಮಾರು 30 ಸೆಂಟಿಮೀಟರ್‌ನಷ್ಟು ಮೇಲೆ ಕೆಳಗೆ ಆಗುತ್ತದೆ, ಸುತ್ತಲಿನದೆಲ್ಲ ಒಟ್ಟಿಗೇ ಏರುವುದರಿಂದ ನಮಗೆ ತಿಳಿಯುವುದಿಲ್ಲ. ಅದು ನೂರಾರು ಪಟ್ಟಾದರೆ ಭೂಮಿಯ ಒಡಲೇ ಹಿಟ್ಟಿನಂತೆ ನಾದಿ ಬಿಸಿಯೇರುತ್ತದೆ. ಇದು ಬರೀ ಊಹೆಯಲ್ಲ. ಗುರುಗ್ರಹದ ಉಪಗ್ರಹ ಅಯೋದಲ್ಲಿ ನಡೆಯುತ್ತಿರುವುದು ಇದೇ, ಅಲ್ಲಿ ಉಗುಳುತ್ತಿರುವ ಜ್ವಾಲಾಮುಖಿಗಳನ್ನು 1979ರಲ್ಲಿ ವೊಯೇಜರ್ 1 ನೌಕೆಯ ಚಿತ್ರಗಳಲ್ಲಿ ಕಂಡರು.

ಹೀಗೆ ಬರುತ್ತಾ ಬರುತ್ತಾ ಚಂದ್ರ ಭೂಮಿಯ ನಡುಬಿಂದುವಿನಿಂದ ಸುಮಾರು 18,000 ಕಿಲೋಮೀಟರ್ ದೂರಕ್ಕೆ ಬಂದಾಗ ಅವನಿಗೇ ಕೇಡುಗಾಲ. ಭೂಮಿಯ ಎಳೆತ ಅವನ ಈಚೆ ಬದಿಗೆ ಜಾಸ್ತಿ, ಆಚೆ ಬದಿಗೆ ಕಡಿಮೆ. ಆ ವ್ಯತ್ಯಾಸ ಅವನನ್ನು ಒಟ್ಟಿಗೆ ಹಿಡಿದಿರುವ ಬಲವನ್ನು ಮೀರಲು ಶುರುವಾಗುತ್ತದೆ. ಇದಕ್ಕೆ ರೋಷ್ ಮಿತಿ ಅನ್ನುತ್ತಾರೆ, 1848ರಲ್ಲಿ ಎಡ್ವರ್ಡ್ ರೋಷ್ ಎಂಬ ಫ್ರೆಂಚ್ ವಿಜ್ಞಾನಿ ಲೆಕ್ಕ ಹಾಕಿದ್ದು. ಆ ಹೊತ್ತಿಗೆ ಆಕಾಶದಲ್ಲಿ ಚಂದ್ರ ಈಗಿನ 30 ಪಟ್ಟು ಅಗಲ ಕಾಣುತ್ತಾನೆ, ಏಳು ಗಂಟೆಯೊಳಗೆ ಒಂದು ಸುತ್ತು ಮುಗಿಸುತ್ತಾನೆ, ಭೂಮಿ ತಿರುಗುವುದಕ್ಕಿಂತ ಬೇಗ ಓಡುವುದರಿಂದ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ. ಇನ್ನೂ ಒಳಕ್ಕೆ ಬಂದರೆ ಒಡೆದು ಹರಡಿ, ಶನಿಗೆ ಇರುವಂಥ ಉಂಗುರವಾಗುತ್ತಾನೆ. ಉಂಗುರದ ಕಲ್ಲುಗಳು ಮತ್ತೆ ಮತ್ತೆ ಕೆಳಗೆ ಸುರಿಯುತ್ತವೆ.

ಇಲ್ಲಿ ಒಂದು ಮಾತು. "ರೋಷ್ ಮಿತಿ ಇದೆ, ಆದ್ದರಿಂದ ಚಂದ್ರ ಡಿಕ್ಕಿ ಹೊಡೆಯಲು ಸಾಧ್ಯವೇ ಇಲ್ಲ" ಅಂತ ಕೆಲವು ಲೇಖನಗಳು ಹೇಳುತ್ತವೆ. ಅದು ಅರ್ಧ ಸತ್ಯ. ನಿಧಾನವಾಗಿ ಬಂದರೆ ಮಾತ್ರ ಒಡೆಯಲು ಸಮಯ ಇರುತ್ತದೆ. ನೇರ ಬಿದ್ದರೆ ಆ ಮಿತಿಯಿಂದ ನೆಲಕ್ಕೆ ಅರ್ಧ ಗಂಟೆಯ ದಾರಿಯೂ ಇಲ್ಲ, ಅಷ್ಟರಲ್ಲಿ ಅಷ್ಟು ದೊಡ್ಡ ಗೋಳ ಪೂರ್ತಿ ಚದುರುವುದಿಲ್ಲ. ಹೇಗೆ ಬರುತ್ತಾನೆ ಅನ್ನೋದನ್ನು ಹೇಳದೆ ಏನಾಗುತ್ತೆ ಅನ್ನೋದನ್ನು ಹೇಳಲು ಬರುವುದಿಲ್ಲ. ಎಲ್ಲರೂ ತಪ್ಪುವುದು ಇಲ್ಲೇ.

ನಿಜದಲ್ಲಿ ಆಗುತ್ತಿರುವುದು ಇದಕ್ಕೆ ಪೂರ್ತಿ ಉಲ್ಟಾ. ಚಂದ್ರ ದೂರ ಹೋಗುತ್ತಿದ್ದಾನೆ, ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್. ಇದು ಅಳತೆ ಮಾಡಿ ಕಂಡದ್ದು. 1969ರ ಜುಲೈಯಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿ ಒಂದು ಚೌಕದ ಹಲಗೆ ಇಟ್ಟು ಬಂದರು. ಅದರಲ್ಲಿ ಸಾಲಾಗಿ ಕೂರಿಸಿದ 100 ಗಾಜಿನ ಪ್ರತಿಫಲಕಗಳಿವೆ, ಒಂದೊಂದರ ಅಗಲ ಸುಮಾರು 3.8 ಸೆಂಟಿಮೀಟರ್. ಅಂದರೆ ಅಲ್ಲಿರುವ ಒಂದು ಗಾಜಿನ ಅಗಲದಷ್ಟೇ ಚಂದ್ರ ಪ್ರತಿ ವರ್ಷ ನಮ್ಮಿಂದ ಸರಿಯುತ್ತಾನೆ. ಇಲ್ಲಿಂದ ಬಿಟ್ಟ ಲೇಸರ್ ಬೆಳಕು ಆ ಗಾಜಿಗೆ ತಾಗಿ ಎರಡೂವರೆ ಸೆಕೆಂಡಿನಲ್ಲಿ ಹಿಂದಿರುಗುತ್ತದೆ, ಆ ಸಮಯ ಹಿಡಿದು ದೂರ ಅಳೆಯುತ್ತಾರೆ. 2023ರಲ್ಲಿ ಇಳಿದ ಚಂದ್ರಯಾನ-3ರ ವಿಕ್ರಮ್ ಮೇಲೂ ಅಂಥದೇ ಪುಟ್ಟ ಪ್ರತಿಫಲಕ ಇದೆ. ಚಂದ್ರ ಸರಿಯಲು ಕಾರಣವೂ ಉಬ್ಬರವೇ: ಭೂಮಿ ತನ್ನ ತಿರುಗುವ ವೇಗವನ್ನು ಚೂರುಚೂರೇ ಅವನಿಗೆ ಕೊಡುತ್ತಿದೆ, ಅವನು ಹೊರಕ್ಕೆ ಹೋಗುತ್ತಿದ್ದಾನೆ, ನಮ್ಮ ದಿನ ಉದ್ದವಾಗುತ್ತಿದೆ. ಒಳಕ್ಕೆ ಬರುತ್ತಿರುವ ಚಂದ್ರ ಬೇಕಾದರೆ ಮಂಗಳ ಗ್ರಹದ ಫೋಬೊಸ್ ನೋಡಿ. ಅದು ಮಂಗಳ ತಿರುಗುವುದಕ್ಕಿಂತ ಬೇಗ ಸುತ್ತುತ್ತದೆ, ಅದಕ್ಕೇ ಹತ್ತಿರ ಬರುತ್ತಿದೆ, ಕೆಲವು ಕೋಟಿ ವರ್ಷಗಳಲ್ಲಿ ಒಡೆಯುತ್ತದೆ ಇಲ್ಲವೇ ಬೀಳುತ್ತದೆ.

ಇನ್ನು ಸೂಪರ್‌ಮೂನ್. ಚಂದ್ರನ ದಾರಿ ಪೂರ್ತಿ ದುಂಡಗಿಲ್ಲ. ಹತ್ತಿರದ ತುದಿ ಸುಮಾರು 3,63,000 ಕಿಲೋಮೀಟರ್, ದೂರದ ತುದಿ ಸುಮಾರು 4,05,000. ಪ್ರತಿ ತಿಂಗಳೂ ಹೀಗೆ ಹೋಗಿ ಬರುತ್ತಾನೆ. ಹತ್ತಿರದ ತುದಿಗೂ ಹುಣ್ಣಿಮೆಗೂ ಕೂಡಿಬಂದರೆ ದೊಡ್ಡದಾಗಿ ಕಾಣುತ್ತಾನೆ, ಅಷ್ಟೇ.

ಅದಕ್ಕೆ ನನ್ನದೊಂದು ಕೋರಿಕೆ. ಚಂದ್ರನ ಸುದ್ದಿ ಹಾಕುವಾಗ ಭೂಮಿಯ ಪಕ್ಕದಲ್ಲೇ ದೊಡ್ಡ ಚಂದ್ರನನ್ನು ಕೂರಿಸಿದ ಚಿತ್ರ ಬೇಡ. ಭಯ ಹುಟ್ಟುವುದು ಅರ್ಧಕ್ಕರ್ಧ ಆ ಚಿತ್ರದಿಂದಲೇ. ಅಳತೆಗೆ ಸರಿಯಾಗಿ ಒಂದು ಸಲ ಬರೆಸಿ. ಪುಟದ ಎಡ ಅಂಚಿನಲ್ಲಿ 1 ಸೆಂಟಿಮೀಟರ್ ಅಗಲದ ಭೂಮಿ. ಬಲಕ್ಕೆ 30 ಸೆಂಟಿಮೀಟರ್ ಆಚೆ, ಮೂರು ಮಿಲಿಮೀಟರಿಗೂ ಕಡಿಮೆ ಅಗಲದ ಚಂದ್ರ. ನಡುವೆ ಏನೂ ಹಾಕಬೇಡಿ, ಜಾಹೀರಾತನ್ನೂ ಹಾಕಬೇಡಿ. ನಿಮ್ಮ ಪುಟದ ಅಗಲ ಅದಕ್ಕೆ ಸರಿಹೋಗುತ್ತದೆ.

ಇಂತಿ,
ನಿಮ್ಮ ಓದುಗ