ಸ್ಕ್ರೀನ್ ರೀಡರ್‌ಗೆ ದಕ್ಕದ ಕನ್ನಡ ಸಂಶೋಧನಾ ಪತ್ರಿಕೆಗಳು: ಚಂದಾದಾರರೊಬ್ಬರ ದೂರು

ಗೆ,
ವ್ಯವಸ್ಥಾಪಕರು,
ಚಂದಾದಾರರ ಸೇವಾ ವಿಭಾಗ

ವಿಷಯ: ತಮ್ಮ ಜಾಲತಾಣದಲ್ಲಿರುವ ಕನ್ನಡ ಸಂಶೋಧನಾ ಪತ್ರಿಕೆಗಳನ್ನು ದೃಷ್ಟಿಹೀನರು ಓದಲಾಗದಿರುವ ಬಗ್ಗೆ.

ಮಾನ್ಯರೇ,

ಹುಟ್ಟಿನಿಂದಲೇ ದೃಷ್ಟಿಯಿಲ್ಲದ ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಕನ್ನಡ ಬೋಧಿಸುತ್ತಿದ್ದು, ಶಾಸನಗಳ ಭಾಷೆಯ ಮೇಲೆ ಪಿಎಚ್.ಡಿ. ಅಧ್ಯಯನ ನಡೆಸಿದ್ದೇನೆ. ಕಳೆದ ಜೂನ್‌ನಲ್ಲಿ ತಮ್ಮಲ್ಲಿ ಒಂದು ವರ್ಷದ ಚಂದಾ ಕಟ್ಟಿದೆ. ಈವರೆಗೆ ಒಂದು ಲೇಖನವನ್ನೂ ಪೂರ್ತಿಯಾಗಿ ಓದಲು ಆಗಿಲ್ಲ.

ಇತ್ತೀಚಿನ ಸಂಚಿಕೆಗಳ ಪಿಡಿಎಫ್‌ಗಳು ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಹಳೆಯ ಮಾದರಿಯ ಫಾಂಟ್‌ಗಳಲ್ಲಿವೆ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿರುವ ಈ ಫಾಂಟ್‌ಗಳು ಕಣ್ಣಿಗೆ ಕನ್ನಡವಾಗಿ ಕಂಡರೂ, ಪರದೆಯ ಮೇಲಿನ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ, ನಾನು ಬಳಸುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ ಅವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿಯೇ ಓದುತ್ತದೆ. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ. ಇದು ಕುರುಡರಿಗಷ್ಟೇ ಇರುವ ತೊಡಕೂ ಅಲ್ಲ; ಕಣ್ಣಿರುವ ನನ್ನ ಸಹೋದ್ಯೋಗಿ ‘ಹಲ್ಮಿಡಿ’ ಎಂದು ಹುಡುಕಿದಾಗ, ಶೀರ್ಷಿಕೆಯಲ್ಲೇ ಆ ಹೆಸರಿದ್ದ ಲೇಖನವೂ ಸಿಗಲಿಲ್ಲ.

ಹಳೆಯ ಸಂಚಿಕೆಗಳಂತೂ ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಅವನ್ನು ನಾನೇ, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್ ತಂತ್ರಾಂಶಕ್ಕೆ ಕೊಟ್ಟು ನೋಡಿದೆ. ಒತ್ತಕ್ಷರಗಳು ಕಲಸಿಹೋದವು, ‘ಬಾೞ್’ ಎಂಬುದು ‘ಬಾಟ್’ ಆಯಿತು, ಹಳಗನ್ನಡದ ಇನ್ನೊಂದು ಅಕ್ಷರವಾದ ‘ಱ’ ಇದ್ದ ಕಡೆ ಏನೇನೋ ಬಂತು. ಸಾಮಾನ್ಯ ಓದುಗರು ಇದನ್ನು ಸಣ್ಣ ತಪ್ಪೆಂದು ದಾಟಿಹೋಗಬಹುದು. ಆದರೆ ಹಳಗನ್ನಡದ ೞಕಾರವು ಮುಂದೆ ಳಕಾರವಾದ ಬಗೆಯನ್ನೇ ಹುಡುಕುತ್ತಿರುವ ನನಗೆ ಆ ಅಕ್ಷರವೇ ಕಳೆದುಹೋದರೆ ಉಳಿಯುವುದೇನು?

ಈ ಬಗ್ಗೆ ಎರಡು ಬಾರಿ ತಮ್ಮ ಸಹಾಯವಾಣಿಗೆ ಮಿಂಚಂಚೆ ಬರೆದೆ. ಮೊದಲ ಉತ್ತರ, ‘ಕಡತ ಸರಿಯಾಗಿ ತೆರೆದುಕೊಳ್ಳುತ್ತಿದೆ’ ಎಂಬ ಒಂದು ಸಾಲು ಮತ್ತು ಅದಕ್ಕೆ ಸಾಕ್ಷಿಯಾಗಿ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಏನಿದೆಯೆಂದು ನನ್ನ ತಂಗಿ ಓದಿ ಹೇಳಬೇಕಾಯಿತು. ಎರಡನೆಯ ಉತ್ತರದಲ್ಲಿ, ಲೇಖಕರ ಹಕ್ಕುಸ್ವಾಮ್ಯ ಇರುವುದರಿಂದ ಪಠ್ಯರೂಪ ಕೊಡಲಾಗದು ಎಂದಿರಿ. ಅಂಗವಿಕಲರಿಗಾಗಿ ಕೃತಿಗಳನ್ನು ಓದಬಲ್ಲ ರೂಪಕ್ಕೆ ತರಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. ಹೀಗಿರುವಾಗ ತಮ್ಮ ಕಾರಣವನ್ನು ನಾನು ಒಪ್ಪಲಾರೆ.

ಎಲ್ಲ ಸಂಚಿಕೆಗಳನ್ನೂ ಒಂದೇ ದಿನದಲ್ಲಿ ಸರಿಪಡಿಸಿ ಎಂದು ನಾನು ಕೇಳುತ್ತಿಲ್ಲ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುವುದರಿಂದ, ಇತ್ತೀಚಿನ ಸಂಚಿಕೆಗಳಿಂದ ಕೆಲಸ ಆರಂಭಿಸಬಹುದು. ಹಳೆಯ ಸಂಚಿಕೆಗಳಲ್ಲಿ ನನಗೆ ತುರ್ತಾಗಿ ಬೇಕಾದ ಏಳು ಲೇಖನಗಳ ಪಟ್ಟಿ ಲಗತ್ತಿಸಿದ್ದೇನೆ. ಅವುಗಳ ತಿದ್ದಿದ ಪಠ್ಯವನ್ನು ಹದಿನೈದು ದಿನಗಳೊಳಗೆ ಒದಗಿಸಬೇಕು, ಇಲ್ಲವಾದರೆ ಚಂದಾ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಉತ್ತರವನ್ನು ದಯವಿಟ್ಟು ಅಕ್ಷರದಲ್ಲಿ ಬರೆದು ಕಳುಹಿಸಿ, ಚಿತ್ರವಾಗಿ ಬೇಡ.

ಇಂತಿ,
ತಮ್ಮ ಚಂದಾದಾರರು