ಸಾವಿರ ಪ್ರತಿ ಮುಗಿದವು: ಕಟ್ಟಿದವರಿಗೆ, ಕೊಂಡವರಿಗೆ ವಂದನೆ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮೊದಲೇ, ಬಣ್ಣದ ವೇಷದ, ಎಂದರೆ ರಾಕ್ಷಸ ಪಾತ್ರಗಳ ಮುಖವರ್ಣಿಕೆಯ, ನಮ್ಮ ಪುಸ್ತಕದ ಎರಡನೇ ಮುದ್ರಣ, 1000 ಪ್ರತಿ, ಪೂರ್ತಿ ಖಾಲಿ. ಮೊದಲ ಮುದ್ರಣದ ಪಿಡಿಎಫ್ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ಪುಕ್ಕಟೆ ಓಡಾಡುತ್ತಿರುವಾಗಲೇ ಇಷ್ಟು ಮಂದಿ ದುಡ್ಡು ಕೊಟ್ಟು ಕೊಂಡಿರಿ. ನಿಮಗೆಲ್ಲ ಕೈಮುಗಿದು ವಂದನೆ.

ಹೀಗೆ ಕದ್ದು ಹಂಚುವವರಿಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮು 6 ತಿಂಗಳಿಂದ 3 ವರ್ಷದವರೆಗೆ ಸಜೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಹಾಗೆಂದು ಏನು ಬಂತು, ಒಂದು ಲಿಂಕ್ ತೆಗೆಸಿದರೆ ಸಂಜೆಯೊಳಗೆ ಇನ್ನೆರಡು ಏಳುತ್ತವೆ. ವಕೀಲರ ನೋಟಿಸಿಗೆ ಹಾಕುವ ದುಡ್ಡನ್ನು ಕಾಗದಕ್ಕೆ, ನೂಲಿಗೆ ಹಾಕಿದ್ದು ಅದಕ್ಕೇ.

ಮೊದಲ ವಂದನೆ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ದೀಪದೆದುರು ಅಲುಗಾಡದೆ ಕೂತ ವೇಷಧಾರಿಗಳಿಗೆ. ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಇಡುವ ಬಿಳಿ ಚಿಟ್ಟಿಯ ಮುಳ್ಳು ಒಂದೊಂದೂ ಬೇರೆ. ಮೊಬೈಲಿನ ಸ್ಕ್ಯಾನ್ ಆ್ಯಪ್ ಮಾಡುವುದು ಅಕ್ಷರ ಓದಿಸುವ ಕೆಲಸ: ಹಿನ್ನೆಲೆಯನ್ನು ಬೆಳ್ಳಗೆ ಮಾಡಿ ಕಪ್ಪನ್ನು ಎತ್ತುತ್ತದೆ. ಅದರಲ್ಲಿ ಚಿಟ್ಟಿ ಸುಟ್ಟುಹೋಗುತ್ತದೆ, ಕೆಂಪು ಒಂದೇ ಮುದ್ದೆಯಾಗುತ್ತದೆ. ಹಾಗಾಗಿ ನಾಲ್ಕು ಮುಖಗಳನ್ನು ನಿಜವಾದ ಅಳತೆಯಲ್ಲೇ, ಬಿಡಿಸುವ ಹಾಳೆಯಾಗಿ ಹಾಕಿದ್ದು. ಫೋನಿನ ಪರದೆಯಲ್ಲಿ ಆ ಅಳತೆ ಸಿಗುವುದಿಲ್ಲ.

ಆ ಹಾಳೆಯೇ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ಕಾಗದ 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ ತೂಗುವ) ಮ್ಯಾಟ್ ಆರ್ಟ್, ಮೂರು ಮಡಿಕೆ. ಒಳಗೆ ಹೋಗುವ ಪ್ರತಿ ಮಡಿಕೆ ಹಿಂದಿನದಕ್ಕಿಂತ 3 ಮಿ.ಮೀ. ಕಿರಿದಿರಬೇಕು, ಇಲ್ಲವಾದರೆ ಮಡಚಿದಾಗ ಉಬ್ಬುತ್ತದೆ. ಮಡಿಕೆಯ ಅಂಚು ಪುಸ್ತಕದ ಹೊರ ಅಂಚಿನಿಂದ ಕನಿಷ್ಠ 6 ಮಿ.ಮೀ. ಒಳಗೆ ನಿಲ್ಲಬೇಕು. ಮರೆತರೆ ಕಟಿಂಗ್ ಮೆಷಿನ್ ಮಡಿಕೆಯನ್ನೇ ಕತ್ತರಿಸಿ ಮೂರು ತುಂಡು ಕೈಗೆ ಕೊಡುತ್ತದೆ. ಕಾಗದದ ನಾರು ಓಡುವ ದಿಕ್ಕಿಗೆ ಅಡ್ಡವಾಗಿ ಮಡಚಿದರೆ ಬಣ್ಣ ಒಡೆದು ಬಿಳಿ ಗೆರೆ ಬೀಳುತ್ತದೆ. ಮೊದಲು ಕ್ರೀಸ್ ಹೊಡೆಯಲೇಬೇಕು, ಎಂದರೆ ಮಡಿಕೆಯ ಗೆರೆಯನ್ನು ಒತ್ತಿ ಮೂಡಿಸಬೇಕು. ನಾಲ್ಕು ಸಾವಿರ ಹಾಳೆಗಳನ್ನು 5 ಮಿ.ಮೀ. ಅಂಟಿನ ಪಟ್ಟಿಯಲ್ಲಿ ಕೈಯಿಂದಲೇ ಕೂರಿಸಿದ ಬೈಂಡಿಂಗ್ ಮನೆಯ ಅಕ್ಕಂದಿರಿಗೆ ಎಷ್ಟು ವಂದಿಸಿದರೂ ಕಡಿಮೆ.

ಉಳಿದದ್ದು ಡೆಮಿ 1/8 ಅಳತೆ, 240 ಪುಟ, 80 ಜಿಎಸ್‌ಎಂ ನ್ಯಾಚುರಲ್ ಶೇಡ್ (ತುಸು ಹಳದಿ ಛಾಯೆಯ) ಕಾಗದ. 16 ಪುಟಗಳ 15 ಫಾರಂ, ನೂಲಿನ ಹೊಲಿಗೆ. ಬರೀ ಬಿಸಿ ಅಂಟಿನ ಬೈಂಡಿಂಗಿನಲ್ಲಿ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ, ಒತ್ತಿದರೆ ಬೆನ್ನು ಸೀಳುತ್ತದೆ. ಹೊಲಿದದ್ದು ಮೇಜಿನ ಮೇಲೆ ಚಪ್ಪಟೆ ಮಲಗುತ್ತದೆ. ಸ್ಕ್ಯಾನ್ ಮಾಡುವವನಿಗೂ ಅದೇ ಸುಲಭ, ಗೊತ್ತಿದೆ ಮಾರಾಯ್ರೆ! ಕಳ್ಳನಿಗೆ ಕಷ್ಟವಾಗಲೆಂದು ಓದುಗರಿಗೆ ಕೆಟ್ಟ ಪುಸ್ತಕ ಕೊಡಲಾಗದು. ಚಿನ್ನದ ಫಾಯಿಲ್, ಪೆಟ್ಟಿಗೆ, ನಂಬರ್ ಹೊಡೆದ ಪ್ರತಿ ಎಂಬ ಸಲಹೆಗಳೂ ಬಂದಿದ್ದವು. ಚಂದವೇ, ಆದರೆ ಪುಸ್ತಕ ತೆರೆದ ಮೇಲೆ ಅವುಗಳಿಂದ ಏನೂ ಸಿಗುವುದಿಲ್ಲ.

ಕರಾವಳಿಯ ಒದ್ದೆ ಗಾಳಿಯ ಮಾತು ಬೇರೆ. ಕಾಗದದ ರೀಮು (ಕಟ್ಟು) ಬಿಚ್ಚುವ ಮೊದಲು ಒಂದಿಡೀ ದಿನ ಪ್ರೆಸ್ಸಿನ ಕೋಣೆಯಲ್ಲೇ ಇಟ್ಟ, ಕೆಂಪು ಗಾಢವಾಗಿದ್ದ ಹಾಳೆಗಳನ್ನು ಸಣ್ಣ ಸಣ್ಣ ಅಟ್ಟಿಗಳಲ್ಲಿ ಒಣಗಿಸಿದ ಮೆಷಿನ್‌ಮ್ಯಾನ್ ಅಣ್ಣನಿಗೆ ಋಣಿ. ಎತ್ತರಕ್ಕೆ ಪೇರಿಸಿದ್ದರೆ ಒಂದರ ಇಂಕು ಇನ್ನೊಂದರ ಬೆನ್ನಿಗೆ ಹತ್ತುತ್ತಿತ್ತು. 2.5 ಮಿ.ಮೀ. ರಟ್ಟು, ಬಟ್ಟೆ, ಒಳಹಾಳೆ ಮೂರರ ನಾರೂ ಬೆನ್ನಿಗೆ ಸಮಾನಾಂತರವಾಗಿರಬೇಕು. ತಪ್ಪಿದರೆ ಜೂನಿನಲ್ಲಿ ಮುಖಪುಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಬೆರೆಸಿದ್ದು ಹುಳ, ಬೂಷ್ಟು ಬಾರದಿರಲೆಂದು. ಅಡಿಕೆಗೆ ಮೈಲುತುತ್ತು ಹೊಡೆಯುವ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪಿಡಿಎಫ್ ಈಗಲೂ ಇದೆ. ಅದನ್ನು ನೋಡಿಯೇ ಪುಸ್ತಕ ಹುಡುಕಿಕೊಂಡು ಯಕ್ಷಗಾನದ ಆಟದ ಬಯಲಿಗೆ ಬಂದವರಿದ್ದೀರಿ. ನಿಮಗೂ ವಂದನೆ, ಬೈಗುಳವಿಲ್ಲ. ಮುಂಬಯಿ, ಗಲ್ಫ್‌ನಲ್ಲಿರುವ ನಮ್ಮೂರಿನವರಿಗೆ ಸಕಾಲಕ್ಕೆ ಪ್ರತಿ ಮುಟ್ಟಿಸಲಾಗದ್ದು ನಮ್ಮ ಸೋಲು, ಅಲ್ಲಿಗೆ ಪಿಡಿಎಫ್ ಹೋದರೆ ಬೇಸರಪಡುವ ಹಕ್ಕು ನಮಗೆ ಕಡಿಮೆ.

ಬಿಡಿಸುವ ಹಾಳೆ ಕಳಚಿದ್ದರೆ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ಹಳದಿಯಾಗಿ ಬಣ್ಣದೊಳಗೆ ಇಳಿಯುತ್ತದೆ. ಪುಸ್ತಕ ಕೊಂಡ ಅಂಗಡಿಗೇ ಕೊಡಿ, ಅಂಟಿಸಿ ಹಿಂದಿರುಗಿಸುತ್ತೇವೆ. ಮೂರನೇ ಮುದ್ರಣ ದೀಪಾವಳಿ ಕಳೆದು ಮೇಳ ಹೊರಟ ಮೇಲೆ. ಮಳೆಗಾಲದಲ್ಲಿ ರಟ್ಟು ಕಟ್ಟುವುದಿಲ್ಲ.