ಡ್ರೈವರ್ ನಿದ್ದೆ, ಟೀ ಅಂಗಡಿ ಲೆಕ್ಕ

ಸಂಪಾದಕರೇ, ನಮ್ ಅಣ್ಣ ಹುಬ್ಬಳ್ಳಿ-ಬೆಂಗಳೂರು ಪ್ರೈವೇಟ್ ಬಸ್ ಓಡಿಸ್ತಾನೆ, ಬೆಳಗ್ಗೆ ಬಂದು ಇಳಿದ್ರೆ ಕಣ್ಣು ಕೆಂಪಗೆ, ಕೈ ಇನ್ನೂ ಸ್ಟೇರಿಂಗ್ ಹಿಡ್ದಂಗೇ ಮಡಚಿರುತ್ತೆ, ಎರಡು ತುತ್ತು ತಿಂದು ಮಲಗಿದ್ರೆ ಸಂಜೆ ಮತ್ತೆ ಅದೇ ಬಸ್ಸು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆ ಆದ್ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಇತ್ತು, ಆದ್ರೆ ಚೆಕ್ ಮಾಡೋರು ಯಾರು? ಈಗ ಆ ಕಾಯ್ದೆ ಬದ್ಲು ಬಂದಿರೋ ಹೊಸ ಕಾರ್ಮಿಕ ಸಂಹಿತೆಗೆ ನಿಯಮ ಮಾಡೋವಾಗ ಆ ಅರ್ಧ ಗಂಟೆ ಕೊಟ್ರಾ ಇಲ್ವಾ ಅಂತ ಜಿಪಿಎಸ್ ರೆಕಾರ್ಡ್ ನೋಡಿ ಮಾಲೀಕರನ್ನೇ ಕೇಳೋ ಹಾಗಾಗ್ಬೇಕು, ದಂಡ ಡ್ರೈವರ್ ಮೇಲೆ ಹಾಕ್ಬಾರ್ದು.

ಇನ್ನೊಂದು ಮಾತು. ಈ ಡ್ರೈವರ್‌ಗಳು ಸುಧಾರಿಸ್ಕೊಳ್ಳೋದು ಶಿರಾ, ಹಿರಿಯೂರು ಕಡೆ ರೋಡ್ ಪಕ್ಕದ ಟೀ ಅಂಗಡಿಲಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಯವ್ರು ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬರೆದು ಅಂಟಿಸಿದ್ರು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಮಾಡಿಸ್ಬೇಕು ಅನ್ನೋ ಮಿತಿ ಅವ್ರಿಗೆ ಮೊದ್ಲೇ ಯಾರೂ ಕೂತು ಹೇಳಿರ್ಲಿಲ್ಲ. ನೋಟಿಸ್‌ಗೆ ಮುಂಚೆ ಇಲಾಖೆಯವ್ರು ಊರೂರಿಗೆ ಬಂದು ಕನ್ನಡದಲ್ಲಿ ತಿಳಿಸಿ ಹೇಳ್ಲಿ.

– ಓದುಗ, ಹಾವೇರಿ